ಮರೀತಾ ಊದುವವರೆಗೆ ಹಿಮ ಬೀಳುವುದಿಲ್ಲ

ಬೆಳಕು ಇನ್ನೂ ಹರಿದಿಲ್ಲ. ಸ್ಟಾಕ್‌ಹೋಮಿನ ಹಳೇಪೇಟೆಯಲ್ಲಿ, ದೊಡ್ಡ ಚೌಕದ ಹಿಂದಿನ ಓಣಿಯಲ್ಲಿ, ಮರೀತಾ ಕತ್ತೆತ್ತಿ ನಿಂತಿದ್ದಾರೆ. ತಲೆಗೆ ಹಸಿರು ಉಣ್ಣೆ ಟೋಪಿ, ಮೈಮೇಲೆ ಕಣ್ಣಿಗೆ ಹೊಡೆಯುವ ಹಳದಿ ಕೋಟು, ಬಾಯಲ್ಲೊಂದು ಸೀಟಿ. ಐದು ಮಹಡಿ ಮೇಲೆ ತಗಡಿನ ಚಾವಣಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಅವರ ಜೊತೆಗಾರ ಕೊನ್ನಿ ಇದ್ದಾರೆ. ರಾತ್ರಿ ಬಿದ್ದ ಹಿಮವನ್ನೆಲ್ಲ ಸಲಿಕೆಯಿಂದ ಸೂರಿನ ಅಂಚಿಗೆ ಗುಡ್ಡೆ ಮಾಡಿ, ಸುಮ್ಮನೆ ಕಾಯುತ್ತಿದ್ದಾರೆ. ಮರೀತಾ ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಎದುರಿನ ಮನೆಬಾಗಿಲು ಮುಚ್ಚಿದೆಯೇ ಎಂದು ನೋಡುತ್ತಾರೆ. ಆಮೇಲೆ ಎರಡು ಸಲ ಚುಟುಕಾಗಿ ಊದುತ್ತಾರೆ. ಗುಡ್ಡೆ ಧೊಪ್ಪೆಂದು ಕಲ್ಲುಹಾಸಿನ ಮೇಲೆ ಬಿದ್ದು ಓಣಿಯೆಲ್ಲ ಬೆಳ್ಳಗಾಗುತ್ತದೆ.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಅಡ್ಡ ಕಟ್ಟಿದ ಪಟ್ಟಿಯ ಕೆಳಗೆ ನುಸುಳಿ ಬರುತ್ತಾನೆ. ಮರೀತಾ ಅಂಗೈ ಎತ್ತುತ್ತಾರೆ.

"ಒಂದು ನಿಮಿಷ ನಿಂತ್ಕೊಳಪ್ಪ."

"ನನ್ನ ರೈಲು ಹೋಗುತ್ತೆ!"

"ರೈಲು ಇನ್ನೊಂದು ಬರುತ್ತೆ. ತಲೆ ಇನ್ನೊಂದು ಬರಲ್ಲ."

ಅವನು ಏನೋ ಗೊಣಗಿಕೊಂಡು ನಿಲ್ಲುತ್ತಾನೆ. ಮರೀತಾ ಅವನ ಮುಖವನ್ನೂ ನೋಡುವುದಿಲ್ಲ, ಅವರ ಕಣ್ಣು ಆಗಲೇ ಚಾವಣಿಗೆ ಹೋಗಿದೆ.

ಈ ಊರಲ್ಲೇ ಹುಟ್ಟಿ ಬೆಳೆದವಳು ನಾನು, ಪತ್ರಿಕೆಗೆ ಬರೆಯುವವಳು. ಹಿಮ ತಾನಾಗಿ ಜಾರಿ ಯಾರ ತಲೆಯ ಮೇಲೂ ಬೀಳದಂತೆ ಮೊದಲೇ ಕೆಡವುವ ಚಾವಣಿ ಮೇಲಿನ ಗಂಡಸರನ್ನು ಪ್ರತಿ ಚಳಿಗಾಲದಲ್ಲೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಎಲ್ಲರೂ ನೋಡುವುದು ಅವರನ್ನೇ, ಪ್ರವಾಸಿಗರು ಫೋಟೊ ಹೊಡೆಯುವುದೂ ಅವರದೇ. ಕೆಳಗೆ ಚಳಿಯಲ್ಲಿ ಕತ್ತು ನೋಯಿಸಿಕೊಂಡು ನಿಂತವರು ಯಾರ ಫೋಟೊದಲ್ಲೂ ಇಲ್ಲ. ಇದ್ದರೂ "ಅಯ್ಯೋ, ಈ ಹಳದಿ ಕೋಟು ಅಡ್ಡ ಬಂತು" ಎಂದು ಅಳಿಸಿಹಾಕುತ್ತಾರೆ.

ಮರೀತಾಗೆ ಈಗ ಅರವತ್ತಮೂರು. ಇದಕ್ಕೆ ಮುಂಚೆ ಅವರು ದಕ್ಷಿಣದ ಬಡಾವಣೆಯೊಂದರ ಶಿಶುವಿಹಾರದಲ್ಲಿ ಟೀಚರ್ ಆಗಿದ್ದರು. ಬೆಳಗ್ಗೆಯಿಂದ ಸಂಜೆವರೆಗೆ ಮಕ್ಕಳ ಕಿರುಚಾಟ, ಮರದ ಆಟಿಕೆ ತುಂಡುಗಳ ಸದ್ದು, ಕುಣಿತ, ಅಳು. ಕಿವಿಯೊಳಗೆ ಒಂದು ಸಿಳ್ಳು ಶುರುವಾಯಿತು, ಮತ್ತೆ ನಿಲ್ಲಲೇ ಇಲ್ಲ. ವೈದ್ಯರು ಸದ್ದಿಲ್ಲದ ಕೆಲಸ ಹುಡುಕಿಕೊಳ್ಳಿ ಅಂದರು. ಬೇಸಿಗೆಯಲ್ಲಿ ಸ್ಮಶಾನದ ಹೂಗಿಡಗಳಿಗೆ ನೀರು ಹಾಕುವ ಕೆಲಸ ಸಿಕ್ಕಿತು, ಚಳಿಗಾಲದಲ್ಲಿ ಇದು.

"ಸ್ಮಶಾನದಲ್ಲಿ ಸದ್ದಿಲ್ಲ, ನಿಜ. ಆದ್ರೆ ಅಲ್ಲಿ ಯಾರನ್ನ ಕಾಯೋದು? ಅವ್ರಿಗೆಲ್ಲ ಆಗೋದು ಆಗಿಹೋಗಿದೆ," ಎಂದು ನಗುತ್ತಾರೆ. "ಇಲ್ಲಾದ್ರೆ ನನಗೆ ಗೊತ್ತಿರೋ ಕೆಲಸ. ರಸ್ತೆ ದಾಟಿಸೋದು, ತಲೆ ಎಣಿಸೋದು, ಬೇಡ ಅಂದಿದ್ದನ್ನ ಮಾಡೋರನ್ನ ಕೈ ಹಿಡಿದು ಎಳೆಯೋದು. ಮಕ್ಕಳು ಸ್ವಲ್ಪ ದೊಡ್ಡವರು, ಅಷ್ಟೇ. ಟೋಪಿ ಹಾಕ್ಕೋ ಅಂದ್ರೆ ಇವ್ರೂ ಹಾಕ್ಕೊಳಲ್ಲ."

ಬೆಳಗಾದ ಮೇಲೆ ಹಳೇಪೇಟೆಗೆ ಜನ ಬರತೊಡಗುತ್ತಾರೆ. ಅರಮನೆಯ ಕಾವಲುಗಾರರು ಪಾಳಿ ಬದಲಿಸುವುದನ್ನು ನೋಡಬೇಕು, ಭುಜ ತಾಗುವಷ್ಟು ಇಕ್ಕಟ್ಟಿನ ಗಲ್ಲಿಯಲ್ಲಿ ನುಸುಳಬೇಕು, ಉಣ್ಣೆ ಕೈಗವಸು ಕೊಳ್ಳಬೇಕು, ಬಣ್ಣ ಬಳಿದ ಮರದ ಕುದುರೆ ಕೊಳ್ಳಬೇಕು, ಎಲ್ಲಾದರೂ ಬೆಚ್ಚಗೆ ಕೂತು ಮಾಂಸದುಂಡೆ ತಿನ್ನಬೇಕು. ಬರುವವರಲ್ಲಿ ಮರೀತಾ ಹೆದರುವುದು ಒಂದೇ ಜಾತಿಯವರಿಗೆ. "ಫೋನ್ ನೋಡ್ಕೊಂಡು ಬರೋರು ಡಿಕ್ಕಿ ಹೊಡೀತಾರೆ, ಕ್ಷಮಿಸಿ ಅಂತಾರೆ, ನಿಲ್ತಾರೆ. ಹೆಂಡತಿ ಫೋಟೊ ತೆಗೀತಾ ಹಿಂದೆ ಹಿಂದೆ ಹೆಜ್ಜೆ ಹಾಕ್ಕೊಂಡು ಬರ್ತಾರಲ್ಲ, ಅವ್ರು! ಎದುರಿಗೆ ಹೆಂಡತಿ ಬಿಟ್ಟು ಲೋಕದಲ್ಲಿ ಇನ್ನೇನೂ ಕಾಣಲ್ಲ ಅವ್ರಿಗೆ. ಒಳ್ಳೇ ಗಂಡಂದಿರೇ, ಪಾಪ, ಆದ್ರೆ ಅವರಿಂದಲೇ ನನಗೆ ಅರ್ಧ ಕೂದಲು ಬೆಳ್ಳಗಾಗಿದ್ದು."

ಬೈಯುವವರಿಗೆ ಬರವಿಲ್ಲ. ಉಡುಗೊರೆ ಅಂಗಡಿಯವನು ದಿನಾ ಒಂದು ಸಲ ಹೊರಗೆ ಬಂದು, "ನಿನ್ನ ಸೀಟಿ ಕೇಳಿ ನನ್ನ ಗಿರಾಕಿಗಳು ಓಡಿಹೋಗ್ತಾರೆ," ಎಂದು ಮುಖ ಊದಿಸುತ್ತಾನೆ. "ಓಡಿದವರು ಬದುಕಿರ್ತಾರೆ, ನಾಳೆ ಬರ್ತಾರೆ ಬಿಡು," ಎನ್ನುತ್ತಾರೆ ಮರೀತಾ. ಪಾದ ಮರಗಟ್ಟಿದಾಗ ಇರುವ ಆಸರೆ ಎಂದರೆ ಓಣಿಯ ನಡುವಿನ ನಾಹಿದ್ ಅವರ ಬೇಕರಿ. ನಾಹಿದ್ ಹುಡುಗಿಯಾಗಿದ್ದಾಗ ಟೆಹರಾನಿನಿಂದ ಬಂದು ಇಲ್ಲೇ ನೆಲೆನಿಂತವರು. ಗುರುವಾರವಾದರೆ ಬಟಾಣಿ ಸೂಪು, ಮೇಲೊಂದು ಪ್ಯಾನ್‌ಕೇಕು. ಉಳಿದ ದಿನ ತಮಗೆಂದು ಮಾಡಿಕೊಂಡ ಅನ್ನದಲ್ಲಿ ತಳಹತ್ತಿದ ಗರಿಗರಿ ಭಾಗವನ್ನು ಮರೀತಾಗೆ ಎತ್ತಿಟ್ಟಿರುತ್ತಾರೆ.

"ತಿನ್ನು ಮರೀತಾ ಜಾನ್. ನೀನು ನೆಟ್ಟಗೆ ನಿಂತಿದ್ರೆ ನನ್ನ ಗಿರಾಕಿ ನೆಟ್ಟಗೆ ಒಳಗೆ ಬರೋದು." ಜಾನ್ ಎಂದರೆ ನಾಹಿದ್ ಅವರ ಫಾರ್ಸಿಯಲ್ಲಿ ಜೀವವೇ, ಪ್ರೀತಿಯವಳೇ ಎಂದು.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಚಳಿಗಾಲ ಮರೀತಾ ಎದೆಯೊಳಗೊಂದು ಕಲ್ಲು ಇಟ್ಟುಕೊಂಡೇ ಬೀದಿಗೆ ಬರುತ್ತಿದ್ದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹತ್ತಿರದ ಮಾತಿಗೆ ಮಾತ್ರ. ಐದು ಮಹಡಿ ಮೇಲಿಂದ ಕೂಗಿದರೆ ಕೇಳಿಸುವುದಿಲ್ಲ. ಕೆಳಗೆ ನಿಲ್ಲುವವರಿಗೆ ಮೇಲಿನವರ ಕೂಗು ಕೇಳಿಸಬೇಕು ಎನ್ನುವುದು ಅವರ ಕಂಪನಿಯ ನಿಯಮ. ಕಳೆದ ಶರತ್ಕಾಲದಲ್ಲಿ ಅವರೇ ಮೇಲ್ವಿಚಾರಕಿ ಪೆರ್ನಿಲ್ಲಾ ಹತ್ತಿರ ಹೋಗಿ ಕಿವಿಯ ವಿಷಯ ಹೇಳಿಬಂದರು. ಯಾಕೆ ಹೇಳಿದಿರಿ, ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದು ನಾನು ಕೇಳಿದಾಗ ಅವರಿಗೆ ಸಿಟ್ಟೇ ಬಂತು.

"ಮುಚ್ಚಿಟ್ಕೊಂಡು ಮಾಡೋ ಕೆಲಸ ಅಲ್ಲಮ್ಮ ಇದು. ಜನರ ತಲೆ ಇದು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಕಿವಿ ಅಂತ ಒಂದು ಸಲ ಮಕ್ಕಳನ್ನ ಬಿಟ್ಟು ಬಂದೆ. ಕೊನೇ ದಿನ ಬಾಗಿಲಲ್ಲಿ ಸಾಲಾಗಿ ನಿಂತು ಕೈ ಬೀಸಿದ್ರು ಕಣೆ. ಅದೇ ಕಿವಿಗೋಸ್ಕರ ಈ ಬೀದಿನೂ ಬಿಡು ಅಂದ್ರೆ ನನ್ನಿಂದಾಗಲ್ಲ."

ಪೆರ್ನಿಲ್ಲಾ ಕೆಟ್ಟವರಲ್ಲ. ಮೂವತ್ತರ ಹತ್ತಿರದ ಹೆಣ್ಣುಮಗಳು, ನೆತ್ತಿಯ ಮೇಲೆ ಐಸು ಬಿದ್ದರೆ ಏನಾಗುತ್ತದೆಂದು ಬಲ್ಲವರು, ಅದಕ್ಕೇ ರಾತ್ರಿ ನಿದ್ದೆ ಬರದವರು. "ಈ ಚಳಿಗಾಲ ಕಳೀಲಿ, ಆಮೇಲೆ ನೋಡೋಣ," ಎಂದಿದ್ದರು. ನಮ್ಮಲ್ಲಿ ಆಮೇಲೆ ನೋಡೋಣ ಎಂದರೆ ಇಲ್ಲ ಎನ್ನುವುದನ್ನೇ ಮೆತ್ತಗೆ ಹೇಳಿದಂತೆ ಎಂದು ಮರೀತಾಗೂ ಗೊತ್ತು, ನಿಮಗೂ ಗೊತ್ತಿರಬಹುದು.

ಕೊನ್ನಿಗೆ ಮಾತ್ರ ಇದು ಎರಡು ವರ್ಷದ ಹಿಂದೆಯೇ ಗೊತ್ತಿತ್ತು. ಕಾಫಿ ಕುಡಿಯುತ್ತಾ ಮರೀತಾ, "ಕಿವಿ ಹೋಗ್ತಾ ಇದೆ ಕೊನ್ನಿ, ಬೇರೆಯವರನ್ನ ಹುಡುಕ್ಕೋ," ಎಂದರಂತೆ. ಕೊನ್ನಿ ಬಾಯಲ್ಲಿದ್ದ ಬನ್ನು ನುಂಗಿ, ಇನ್ನೊಂದು ಬನ್ನಿಗೆ ಕೈಹಾಕಿ, "ಹಂಗಾದ್ರೆ ಉಲ್ಟಾ ಮಾಡೋಣ," ಎಂದರಂತೆ. ಅಷ್ಟೇ ಮಾತು.

ಆ ಉಲ್ಟಾ ಏನೆಂದರೆ ಇದು. ಬೇರೆ ತಂಡಗಳಲ್ಲಿ ಮೇಲಿನವರು ಒಂದೇ ಸಮ ತಳ್ಳುತ್ತಿರುತ್ತಾರೆ. ಯಾರಾದರೂ ಬಂದರೆ ಕೆಳಗಿನವರು ಉದ್ದಕ್ಕೆ ಊದುತ್ತಾರೆ, ಮೇಲಿನವರು ನಿಲ್ಲಿಸುತ್ತಾರೆ. ಸದ್ದಿಲ್ಲ ಎಂದರೆ ತಳ್ಳು ಎಂದರ್ಥ. ಇವರಿಬ್ಬರಲ್ಲಿ ಸದ್ದಿಲ್ಲ ಎಂದರೆ ನಿಲ್ಲು ಎಂದರ್ಥ. ಮರೀತಾ ಎರಡು ಸಲ ಊದಿದರೆ ಮಾತ್ರ ಒಂದು ಗುಡ್ಡೆ ಬೀಳುತ್ತದೆ, ಮುಂದಿನ ಗುಡ್ಡೆಗೆ ಮತ್ತೆ ಊದಬೇಕು. ಹೀಗಾಗಿ ಬೇರೆಯವರು ಮೂರು ಚಾವಣಿ ಮುಗಿಸುವಷ್ಟರಲ್ಲಿ ಇವರದು ಎರಡು. ಇದಕ್ಕೂ ಕಚೇರಿಯಲ್ಲಿ ಗೊಣಗಾಟವಿತ್ತು.

ಈಗ ಸೆಮ್ಲಾ ಮಂಗಳವಾರಕ್ಕೆ ಬರೋಣ. ಈಸ್ಟರ್ ಹಬ್ಬಕ್ಕೆ ಮುಂಚಿನ ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮುನ್ನಾದಿನ ಅದು. ಉಪವಾಸ ಯಾರೂ ಮಾಡುವುದಿಲ್ಲ, ಮುನ್ನಾದಿನದ ತಿನ್ನಾಟವನ್ನು ಮಾತ್ರ ಯಾರೂ ಬಿಟ್ಟಿಲ್ಲ. ಏಲಕ್ಕಿ ಹಾಕಿದ ಬನ್ನಿನ ಹೊಟ್ಟೆ ಬಗೆದು, ಅರೆದ ಬಾದಾಮಿ ತುಂಬಿ, ಮೇಲೆ ಕೆನೆ ಪೇರಿಸಿ ಮುಚ್ಚಳ ಇಟ್ಟರೆ ಸೆಮ್ಲಾ. ಹಳೇಪೇಟೆಯಲ್ಲಿ ನಾಹಿದ್ ಮಾಡುವ ಸೆಮ್ಲಾಕ್ಕೆ ಸಮ ಇನ್ನೊಂದಿಲ್ಲ. ಅವತ್ತು ಬೇಕರಿಯ ಬಾಗಿಲಿಂದ ಓಣಿಯ ತಿರುವಿನವರೆಗೂ ಸಾಲು. ಆ ಸಾಲಿನಲ್ಲಿ ಹದಿನಾಲ್ಕನೆಯವಳಾಗಿ ನಾನೂ ಇದ್ದೆ.

ವಾರವೆಲ್ಲ ಹಿಮ ಸುರಿದು, ಅವತ್ತು ಇದ್ದಕ್ಕಿದ್ದಂತೆ ಬಿಸಿಲು ಬಂತು. ಹನ್ನೊಂದರ ಹೊತ್ತಿಗೆ ನಮ್ಮ ತಲೆಯ ಮೇಲಿನ ಸೂರಿನಿಂದ ಟಪಟಪ ನೀರು. ತೋಳುದ್ದದ ಐಸಿನ ಕೋಲುಗಳು ಸೂರಿನುದ್ದಕ್ಕೂ ಜೋತುಬಿದ್ದಿದ್ದವು. ಕಟ್ಟಡದವರು ಫೋನ್ ಮಾಡಿದ್ದೇ ತಡ ಮರೀತಾ, ಕೊನ್ನಿ ಓಡಿಬಂದರು. ಕೊನ್ನಿ ಹಗ್ಗ ಹಿಡಿದು ಚಾವಣಿ ಹತ್ತಿದರು. ಅವರ ಹಿಂದೆಯೇ ಪೆರ್ನಿಲ್ಲಾ. ಇವರ ಉಲ್ಟಾ ಪದ್ಧತಿ ಏನೆಂದು ಕಣ್ಣಾರೆ ನೋಡಲು ಅದೇ ದಿನ ಬರಬೇಕೇ ಅವರು!

ಮರೀತಾ ಸಾಲಿನ ಮುಂದೆ ನಿಂತು ಉದ್ದಕ್ಕೆ ಊದಿದರು. "ಎಲ್ಲರೂ ಇಲ್ಲಿಂದ ಸರೀರಿ. ಮೇಲೆ ನೋಡಿ, ಈಗಲೋ ಆಗಲೋ ಅಂತಿದೆ."

ಎಲ್ಲರೂ ಮೇಲೆ ನೋಡಿದೆವು. ಐಸು ಕಂಡಿತು. ಒಬ್ಬರೂ ಸರಿಯಲಿಲ್ಲ.

ನಮ್ಮ ಜನ ದೇವರಿಗೆ ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು. ಸಾಲಿಗೆ ಮಾತ್ರ ಇನ್ನೂ ಹೆದರುತ್ತೇವೆ. ಸಾಲು ಮುರಿದು ಸರಿದರೆ ತಮ್ಮ ಜಾಗ ಹೋಗುತ್ತದೆ ಎಂದು ಒಂದು ಭಯ. ಸರಿದು ವಾಪಸು ಬಂದರೆ ಬೇರೆಯವರ ಜಾಗಕ್ಕೆ ನುಗ್ಗಿದಂತಾಗುತ್ತದೆ ಎಂದು ಅದಕ್ಕಿಂತ ದೊಡ್ಡ ಭಯ. ನನ್ನ ಮುಂದಿದ್ದ ತುಪ್ಪಳದ ಟೋಪಿಯ ಹಿರಿಯರು, "ಮೊದಲು ಮುಂದಿನವರು ಸರೀಲಿ, ನಾನು ಅವರ ಹಿಂದೆ ಬರ್ತೀನಿ," ಎಂದರು. ಮುಂದಿನವರು, "ನಾನು ಸರಿದ್ರೆ ಬಾಗಿಲ ಹತ್ರ ಯಾರೋ ಬಂದು ನಿಲ್ತಾರೆ," ಎಂದರು. ಒಬ್ಬಾಕೆ, "ನಾನು ಎಂಟು ಗಂಟೆಯಿಂದ ನಿಂತಿದೀನಿ, ಬಿದ್ರೆ ಬೀಳಲಿ," ಎಂದೇಬಿಟ್ಟರು. ನಾನೂ ಕಾಲು ಕದಲಿಸಲಿಲ್ಲ. ಸೆಮ್ಲಾ ಎಂದರೆ ನನಗೂ ಪ್ರಾಣ.

ಮರೀತಾ ಒಂದು ಕ್ಷಣ ನಮ್ಮನ್ನೇ ನೋಡಿದರು. ಬೈಯಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಗ್ಗ ತೆಗೆದು, ಅದರ ಒಂದು ತುದಿಯನ್ನು ಬಾಗಿಲ ಬಳಿ ಮೊದಲು ನಿಂತಿದ್ದವರ ಕೈಗೆ ಕೊಟ್ಟರು.

"ಹಿಡ್ಕೋ. ನಿನ್ನ ಹಿಂದೆ ಯಾರು? ನೀನಾ? ನೀನೂ ಹಿಡ್ಕೋ. ಕೈ ಬಿಡಬಾರದು. ಯಾರೂ ಯಾರನ್ನೂ ದಾಟಬಾರದು. ಎಲ್ಲರೂ ಹಿಡ್ಕೊಂಡ್ರಾ?"

"ಹಿಡ್ಕೊಂಡ್ವಿ," ಎಂದಿತು ಇಡೀ ಸಾಲು. ಚಿಕ್ಕವರಿದ್ದಾಗ ಶಿಶುವಿಹಾರದ ಟೀಚರ್ ಹಿಂದೆ ಸಾಲಾಗಿ ಹಗ್ಗ ಹಿಡಿದು ನಡೆಯದವರು ಈ ದೇಶದಲ್ಲಿ ಯಾರಿದ್ದಾರೆ? ಕೋಟು ಬೂಟಿನ ಗಂಡಸರು, ಕೋಲೂರಿದ ಅಜ್ಜಿ, ಕಚೇರಿಗೆ ಒಂದು ಗಂಟೆ ರಜೆ ಹಾಕಿ ಬಂದವರು, ಎಲ್ಲರೂ ಹಗ್ಗ ಹಿಡಿದು, ಒಬ್ಬರ ಹಿಂದೊಬ್ಬರು, ಮರೀತಾ ಹಿಂದೆ ಹೊರಟೆವು. ಬೆಳಗ್ಗೆಯೇ ಹಿಮ ಇಳಿಸಿದ್ದ ಎದುರುಗೋಡೆಯ ಮಗ್ಗುಲಿಗೆ ಅದೇ ಕ್ರಮದಲ್ಲಿ ನಿಂತೆವು. ನಾನು ಹದಿನಾಲ್ಕನೆಯವಳಾಗೇ ಉಳಿದೆ. ತುಪ್ಪಳದ ಟೋಪಿಯವರು ಹಿಂದೆ ತಿರುಗಿ, "ಇಷ್ಟು ಖುಷಿಯಾಗಿ ನಾನು ಎಲ್ಲಿಗೂ ನಡೆದಿಲ್ಲ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಗಲೇ ಮೇಲಿಂದ ಕೊನ್ನಿ ಕೂಗಿದ್ದು. "ಖಾಲಿನಾ?" ನಮಗೆಲ್ಲ ಕೇಳಿಸಿತು. ಮರೀತಾಗೆ ಕೇಳಿಸಲಿಲ್ಲ. ಅವರು ನಮ್ಮ ತಲೆ ಎಣಿಸುತ್ತಿದ್ದರು. ಕೊನ್ನಿ ಇನ್ನೊಮ್ಮೆ ಕೂಗಿದರು. ಮರೀತಾ ಇನ್ನೂ ಎಣಿಸುತ್ತಲೇ ಇದ್ದರು. ಮೇಲೆ ನಡೆದದ್ದನ್ನು ಆಮೇಲೆ ಪೆರ್ನಿಲ್ಲಾ ಅವರೇ ನನಗೆ ಹೇಳಿದರು. ಅಂಚಿನಿಂದ ಬಗ್ಗಿ ನೋಡಿದರೆ ಓಣಿ ಖಾಲಿ ಕಾಣುತ್ತಿತ್ತಂತೆ. ಸಾಲು ದಾಟಿಹೋದದ್ದನ್ನು ಕಂಡಿದ್ದರಂತೆ. "ಬೀದಿ ಖಾಲಿ ಇದೆ, ತಳ್ಳು ಕೊನ್ನಿ, ಅದಾಗೇ ಬಿದ್ರೆ ಕಷ್ಟ," ಎಂದರಂತೆ. ಕೊನ್ನಿ ಸಲಿಕೆಯನ್ನು ತಗಡಿಗೆ ಊರಿ ಅದರ ಮೇಲೆ ಕೈಯಿಟ್ಟು ನಿಂತುಬಿಟ್ಟರಂತೆ. "ಅವಳು ಊದಿಲ್ಲ."

ಕೆಳಗೆ ಬೇಕರಿಯ ಬಾಗಿಲು ತೆರೆಯಿತು. ಒಳಗೆ ಕೂತು ತಿಂದು ಮುಗಿಸಿದ ಗಂಡಹೆಂಡತಿ, ಪ್ರವಾಸಿಗರು, ಹೊರಗೆ ಬಂದರು. ಸೂರಿನ ಕೆಳಗೆ, ಗೋಡೆಗೆ ಅಂಟಿಕೊಂಡಂತೆ. ಮೇಲಿನಿಂದ ಆ ಜಾಗ ಕಾಣುವುದೇ ಇಲ್ಲ. ಗಂಡ ಫೋನ್ ತೆಗೆದ, ಹೆಂಡತಿ ಬೋರ್ಡಿನ ಪಕ್ಕ ನಿಂತು ನಕ್ಕಳು, ಗಂಡ ಹಿಂದೆ ಹಿಂದೆ ಹೆಜ್ಜೆ ಹಾಕಿದ. ಸಾಲಿನಲ್ಲಿದ್ದ ನಾವು ಹಗ್ಗ ಹಿಡಿದುಕೊಂಡೇ ಹೋ ಎಂದು ಕಿರುಚಿದೆವು. ಅವರು ನಮಗೂ ನಕ್ಕು ಕೈ ಬೀಸಿದರು!

ಮರೀತಾಗೆ ನಮ್ಮ ಮುಖ ಕಂಡಿತು. ತಿರುಗಿದರು, ಓಡಿದರು. ಒಂದು ಕೈಯಲ್ಲಿ ಅವನ ತೋಳು, ಇನ್ನೊಂದು ಕೈಯಲ್ಲಿ ಅವಳ ತೋಳು ಹಿಡಿದು, "ಬನ್ನಿ, ಬನ್ನಿ, ಬನ್ನಿ," ಎಂದು ದರದರ ಎಳೆದುಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಅವರ ಕೈಗೂ ಹಗ್ಗ ಕೊಟ್ಟರು. ನಾಹಿದ್‌ಗೆ ಬಾಗಿಲು ಹಾಕಿಕೊಳ್ಳಲು ಸನ್ನೆ ಮಾಡಿದರು. ಎಡ ನೋಡಿದರು, ಬಲ ನೋಡಿದರು. ಆಮೇಲೆ ಎರಡು ಸಲ ಚುಟುಕಾಗಿ ಊದಿದರು.

ಐಸು ಬಿದ್ದ ಸದ್ದಿಗೆ ಬೇಕರಿಯ ಕಿಟಕಿ ಅದುರಿತು. ಆ ಹೆಂಗಸು ತಾನು ನಿಂತು ನಕ್ಕಿದ್ದ ಜಾಗವನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಸಾಲಿನಲ್ಲಿ ಒಬ್ಬರೂ ಹಗ್ಗ ಬಿಟ್ಟಿರಲಿಲ್ಲ.

ಎಲ್ಲ ಮುಗಿದ ಮೇಲೆ ಬೇಕರಿಯ ಹಿಂದಿನ ಕೋಣೆಯಲ್ಲಿ ಮರೀತಾ, ಕೊನ್ನಿ ಇಬ್ಬರೂ ಕೂತಿದ್ದರು, ನಾನೂ ಅಲ್ಲಿದ್ದೆ. ನಾಹಿದ್ ಇಬ್ಬರ ಮುಂದೆಯೂ ಎರಡೆರಡು ಸೆಮ್ಲಾ ಇಟ್ಟು, ಹಣೆ ಒರೆಸಿಕೊಳ್ಳುತ್ತಾ ಮತ್ತೆ ಕೌಂಟರಿಗೆ ಓಡಿದರು. ಮರೀತಾ ಮುಟ್ಟಿರಲಿಲ್ಲ.

"ನೀನು ಕೂಗಿದ್ಯಂತೆ. ಎರಡು ಸಲ."

"ಕೂಗಿದೆ."

"ನನಗೆ ಕೇಳಿಸ್ಲಿಲ್ಲ ಕೊನ್ನಿ."

"ಗೊತ್ತು. ನಾನು ಸುಮ್ನೆ ಅಭ್ಯಾಸಬಲಕ್ಕೆ ಕೂಗೋದು." ಕೊನ್ನಿಯ ಮೂಗಿನ ತುದಿಗೆ ಕೆನೆ ಅಂಟಿತ್ತು. "ನಿನ್ನ ಕಿವಿ ತಗೊಂಡು ನಾನೇನು ಮಾಡ್ಲಿ? ನನಗೆ ಬೇಕಾಗಿರೋದು ನಿನ್ನ ಕಣ್ಣು, ಒಂದು ಸೀಟಿ."

ಬೇರೆಯವರ ಜೊತೆ ಕೆಲಸ ಮಾಡುತ್ತೀರಾ ಎಂದು ನಾನು ಕೊನ್ನಿಯನ್ನು ಕೇಳಿದೆ. ಮಾತಿಗೆ ಮೊದಲು ಒಂದು ಬನ್ನು ಮುಗಿಸುವ ಮನುಷ್ಯ ಅವರು. ಅವತ್ತು ಪಕ್ಕಕ್ಕಿಟ್ಟರು. "ನಾನು ಬಿದ್ರೆ ಹಿಡಿಯೋಕೆ ಹಗ್ಗ ಇದೆ. ನಾನು ತಳ್ಳಿದ್ದು ಬಿದ್ರೆ ಹಿಡಿಯೋಕೆ ಏನಿದೆ ಹೇಳು? ಇವಳೊಬ್ಬಳೇ. ರಾತ್ರಿ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತೀನಲ್ಲ, ಅದು ಇವಳ ದಯೆ." ಮರೀತಾ ಕೊನ್ನಿಯ ಮುಖದ ಮುಂದೆ ಕರವಸ್ತ್ರ ಹಿಡಿದು, "ಮೊದಲು ಮೂಗು ಒರೆಸ್ಕೋ," ಎಂದರು.

ಪೆರ್ನಿಲ್ಲಾ ಆ ದಿನ ಚಾವಣಿಯಿಂದ ಇಳಿದು ಕಚೇರಿಗೆ ಹೋದರು. ಆಮೇಲೆ ಎರಡು ವಾರ ಸುದ್ದಿಯಿಲ್ಲ. ಮರೀತಾ ಆ ಎರಡು ವಾರವೂ ಬಂದರು, ಊದಿದರು, ಬೈಸಿಕೊಂಡರು, ಊಟ ಮಾತ್ರ ಸೇರುತ್ತಿರಲಿಲ್ಲ ಎಂದು ನಾಹಿದ್ ಹೇಳುತ್ತಾರೆ. ಮೂರನೇ ವಾರದ ಸೋಮವಾರ ನಾನು ಅವರ ಜೊತೆ ಓಣಿಯಲ್ಲಿ ನಿಂತಿದ್ದಾಗ ಪೆರ್ನಿಲ್ಲಾ ಬಂದರು. ಮರೀತಾರ ಬಲಮಗ್ಗುಲಿಗೆ ಬಂದು ನಿಂತು, ಕೈಗವಸು ಬಿಚ್ಚಿ, ಅದನ್ನೇ ಹಿಂಡುತ್ತಾ ಹೇಳಿದರು:

"ಮುಂದಿನ ಚಳಿಗಾಲದಿಂದ ನಮ್ಮ ಎಲ್ಲಾ ತಂಡಗಳೂ ಹೀಗೇ ಮಾಡ್ಬೇಕು ಅಂತ ಆಗಿದೆ. ಸೀಟಿ ಇಲ್ದೆ ಒಂದು ಹಿಡಿ ಹಿಮಾನೂ ಬೀಳಬಾರದು. ನಿಧಾನ ಆದ್ರೆ ಆಗಲಿ. ಕೂಗು ಕೇಳಿಸ್ಬೇಕು ಅನ್ನೋ ನಿಯಮ ತೆಗೆದುಹಾಕಿದೀವಿ. ಈ ಬೀದಿ ನಿನ್ನದೇ, ಮರೀತಾ. ಹೊಸಬರಿಗೂ ನೀನೇ ಹೇಳ್ಕೊಡ್ಬೇಕು."

ಮರೀತಾ ಚಾವಣಿಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳು. ಕೇಳಿಸ್ಲಿಲ್ಲ."

ಪೆರ್ನಿಲ್ಲಾ ಇನ್ನೊಮ್ಮೆ ಹೇಳಿದರು, ಗಟ್ಟಿಯಾಗಿ. ಮೊದಲ ಸಲವೂ ಚೆನ್ನಾಗಿಯೇ ಕೇಳಿಸಿತ್ತು, ನಾನು ಬಲ್ಲೆ. ಬಲಗಡೆಯಿಂದ ಹೇಳಿದ್ದನ್ನು ಅವರು ಎಂದೂ ತಪ್ಪಿಸಿಕೊಂಡವರಲ್ಲ. ಮೇಲಿಂದ ಕೊನ್ನಿ ಬಗ್ಗಿ ನೋಡುತ್ತಾ ನಿಂತಿದ್ದರು, ಗುಡ್ಡೆ ಅಂಚಿನಲ್ಲೇ ಕಾದಿತ್ತು, ಮರೀತಾಗೆ ಮಾತ್ರ ಸುಮಾರು ಹೊತ್ತು ಊದಲು ಉಸಿರೇ ಸಿಗಲಿಲ್ಲ.

ಈ ಬರಹ ಮುಗಿಸಿದ ಮೇಲೆ ಅವರಿಗೆ ಫೋನ್ ಮಾಡಿದೆ. ಹೆಸರು ಹಾಕಲೇ, ಬೇರೆ ಹೆಸರು ಇಡಲೇ ಎಂದು ಕೇಳಿದೆ. ಇಷ್ಟು ಚಳಿಗಾಲ ಯಾರ ಕಣ್ಣಿಗೂ ಬೀಳದೆ ಇದ್ದವರು ಬೇಡ ಎನ್ನಬಹುದು ಎಂದುಕೊಂಡಿದ್ದೆ. ಕೇಳಿಸಿತೋ ಇಲ್ಲವೋ ಎಂದು ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಮಾತು ಬಂತು.

"ನಮ್ಮ ಕೆಲಸದವರ ಹೆಸರು ಪೇಪರ್‌ನಲ್ಲಿ ಬರೋದು ಯಾರಾದ್ರೂ ಸತ್ತಾಗ ಕಣಮ್ಮ. ಅವತ್ತು ಕೆಳಗೆ ನಿಂತಿದ್ದವಳು ಇಂಥವಳು ಅಂತ. ನನ್ನ ಹೆಸರು ಯಾರೂ ಸಾಯದೆ ಬರ್ತಿದೆ. ಹಾಕು. ಪೂರ್ತಿ ಹಾಕು."

ಮರೀತಾ ಎಲಿಸಬೆತ್ ಹೆಡ್‌ಲುಂಡ್.